ನಾಳೆ ಗೌರಿ, ನಾಡಿದ್ದು ಗಣೇಶ, ಆಚೆ ನಾಡಿದ್ದು ಮಾತೆ

ಬೆಳಗಿನ ಐದೂವರೆ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಮುಂದಿನ ಚೌಕದಲ್ಲಿ ಟೆಂಪೋ ಒಂದು ರಿವರ್ಸ್ ಬರುತ್ತಿದೆ. ಹುಡುಗನೊಬ್ಬ ಅದರ ಮಗ್ಗುಲನ್ನು ಅಂಗೈಯಲ್ಲಿ ಬಡಿಯುತ್ತಾ ‘ಆನೇ ದೋ, ಆನೇ ದೋ, ಬಸ್!’ ಅನ್ನುತ್ತಾನೆ. ಡ್ರೈವರ್ ತಲೆ ಹೊರಗೆ ಹಾಕಿ ತಮಿಳಿನಲ್ಲಿ ಏನೋ ಗದರುತ್ತಾನೆ. ಹಿಂದಿನ ಹಲಗೆ ಧಡಾರನೆ ಬಿದ್ದದ್ದೇ ತಡ, ಸೇವಂತಿಗೆಯ ಮೂಟೆಗಳು ಹೆಗಲಿನಿಂದ ಹೆಗಲಿಗೆ ಇಳಿಯತೊಡಗುತ್ತವೆ. ದಾರಿಗೆ ಅಡ್ಡ ನಿಲ್ಲಬೇಡಿ. ‘ಸೈಡು ಸೈಡು ಸೈಡು’ ಎಂಬ ಕೂಗು ಕಿವಿಗೆ ಬಿದ್ದರೆ ಯಾರು ಏನು ಎಂದು ನೋಡದೆ ಗೋಡೆಗೆ ಅಂಟಿಕೊಳ್ಳಿ. ತಲೆ ಮೇಲೆ ಮೂಟೆ ಹೊತ್ತು ಓಡುವವನಿಗೆ ನಡುವೆ ನಿಲ್ಲುವುದು ಸಾಧ್ಯವಿಲ್ಲ.

ರಾತ್ರಿ ಬಿದ್ದ ಹನಿಗೆ ನೆಲ ಇನ್ನೂ ಒದ್ದೆ. ಒದ್ದೆ ಗೋಣಿಚೀಲ, ಕೊತ್ತಂಬರಿ ಸೊಪ್ಪು, ಮೀನಿನ ಪೆಟ್ಟಿಗೆಯಿಂದ ಸೋರುವ ಐಸ್ ನೀರು, ಎಲ್ಲೋ ಮೂಲೆಯಲ್ಲಿ ಕುದಿಯುತ್ತಿರುವ ಚಹಾ. ಇವೆಲ್ಲದರ ವಾಸನೆಯ ಮೇಲೆ ಈಗ ಲೋಬಾನದ ಹೊಗೆ ಹರಡುತ್ತಿದೆ. ಹಸಿರು ರುಮಾಲಿನ ಮುದುಕರೊಬ್ಬರು ಕೆಂಡದ ಧೂಪಾರತಿ ಹಿಡಿದು, ನವಿಲುಗರಿಯ ಕಟ್ಟಿನಿಂದ ಹೊಗೆಯನ್ನು ಒಳಕ್ಕೆ ಬೀಸುತ್ತಾ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದಾರೆ. ಇವತ್ತು ಗುರುವಾರ, ಅವರಿಗೆ ಬಿಡುವಿಲ್ಲದ ದಿನ. ಒಂದು ಅಂಗಡಿಯ ಗೋಡೆಯಲ್ಲಿ ಕಾಬಾದ ಚಿತ್ರ, ಪಕ್ಕದ್ದರಲ್ಲಿ ಲಕ್ಷ್ಮಿ, ಅದರಾಚೆ ವೇಳಾಂಕಣ್ಣಿ ಮಾತೆ. ಹೊಗೆ ಎಲ್ಲಕ್ಕೂ ಸಿಗುತ್ತದೆ. ಎಲ್ಲರೂ ಬೋಣಿಗೂ ಮೊದಲೇ ಒಂದು ನಾಣ್ಯ ತೆಗೆದು ಅವರ ಜೋಳಿಗೆಗೆ ಹಾಕುತ್ತಾರೆ.

2024ರ ಸೆಪ್ಟೆಂಬರ್ 5. ಈ ತಾರೀಖನ್ನು ಗಮನಿಸಿ, ಯಾಕೆಂದರೆ ಈ ವಾರದಂಥ ವಾರ ಮಾರುಕಟ್ಟೆಗೆ ಅಪರೂಪ. ನಾಳೆ ಗೌರಿ. ನಾಡಿದ್ದು ಗಣೇಶ. ಆಚೆ ನಾಡಿದ್ದು, 8ನೇ ತಾರೀಖು ಭಾನುವಾರ, ಚೌಕದ ಎದುರಿಗಿರುವ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮಾತೆಯ ಹುಟ್ಟುಹಬ್ಬ. ಆಗಸ್ಟ್ 29ಕ್ಕೆ ಧ್ವಜ ಏರಿ, ನೊವೆನಾ ಪ್ರಾರ್ಥನೆಗಳು ದಿನವೂ ನಡೆಯುತ್ತಿವೆ. ಇದರ ಜೊತೆಗೆ ರಬೀವುಲ್ ಅವ್ವಲ್ ತಿಂಗಳೂ ಶುರುವಾಗಿದೆ, 16ಕ್ಕೆ ಈದ್ ಮಿಲಾದ್. ಹನ್ನೊಂದು ದಿನದೊಳಗೆ ಮೂರು ಧರ್ಮದ ಹಬ್ಬಗಳು, ಎಲ್ಲಕ್ಕೂ ಸಾಮಾನು ಹೋಗಬೇಕಾದದ್ದು ಇದೇ ನಾಲ್ಕಾರು ಬೀದಿಗಳಿಂದ. ‘ಹದಿನಾರರ ತನಕ ನಿದ್ದೆ ಇಲ್ಲ ಸಾರ್’ ಅಂತ ನಿಂಬೆಹಣ್ಣಿನ ವ್ಯಾಪಾರಿ ಹೇಳುವಾಗ ಅವನ ಮುಖದಲ್ಲಿ ಸಂತೋಷ ಕಾಣುತ್ತದೆ.

ಕಟ್ಟಡವನ್ನು ಒಮ್ಮೆ ತಲೆಯೆತ್ತಿ ನೋಡಿ ಒಳಗೆ ಹೋಗೋಣ. 1927ರಲ್ಲಿ ಬ್ರಿಟಿಷರ ದಂಡಿನ (ಕಂಟೋನ್ಮೆಂಟ್) ಆಡಳಿತ ಕಟ್ಟಿಸಿದ್ದು, ಆಗಿನ ಮುನಿಸಿಪಲ್ ಕಮಿಷನರ್ ಟಿ.ಬಿ. ರಸೆಲ್ ಹೆಸರಿನಲ್ಲಿ. 1933ರಲ್ಲಿ ಉದ್ಘಾಟನೆ ಮಾಡಿದವರು ಹಾಜಿ ಸರ್ ಇಸ್ಮಾಯಿಲ್ ಸೇಠ್. ಕಛ್ಛಿ ಮೇಮನ್ ವ್ಯಾಪಾರಿ, ಕೈಬಿಚ್ಚಿ ದಾನ ಮಾಡಿದ ಮನುಷ್ಯ. ಶಿವಾಜಿನಗರದ ಘೋಷಾ ಆಸ್ಪತ್ರೆಗೆ ಇವತ್ತಿಗೂ ಅವರದೇ ಹೆಸರು. ಅಲ್ಲಿ ಹುಟ್ಟಿದ ಮಕ್ಕಳು ಇವತ್ತು ಇಲ್ಲಿ ತಕ್ಕಡಿ ಹಿಡಿದಿದ್ದಾರೆ.

ಹೂವಿನ ಸಾಲಿಗೆ ಬಂದೆವು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಮರದ ಮಣೆ ಮೇಲೆ ಕಾಲು ಚಾಚಿ ಕೂತ ಅಜ್ಜಿಯ ಕೈಗಳನ್ನು ನೋಡಿ. ನೆನೆಸಿದ ಬಾಳೆನಾರಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿದೆ. ಎಡಗೈಯಲ್ಲಿ ಎರಡು ಮಲ್ಲಿಗೆ ಈ ಕಡೆಗೆ, ಎರಡು ಆ ಕಡೆಗೆ ಮುಖ ಮಾಡಿ ಕೂರುತ್ತವೆ, ಬಲಗೈ ನಾರನ್ನು ಒಂದು ಸುತ್ತು ತಂದು ಗಂಟೊಳಗೆ ತೂರಿಸಿ ಜಗ್ಗುತ್ತದೆ. ಮುಗಿಯಿತು, ಮುಂದಿನದು. ನಡುವೆ ಒಂದು ಎಸಳು ಕನಕಾಂಬರ, ಒಂದು ಚಿಗುರು ಮರುಗ. ಅವರ ಕಣ್ಣು ಹೂವಿನ ಮೇಲಿಲ್ಲ, ಬರುವ ಗಿರಾಕಿಗಳ ಮೇಲಿದೆ. ಬಂದವರ ಮುಖ ನೋಡಿ ಮಾತು ಬದಲಾಗುತ್ತದೆ: ‘ವಾಂಗಮ್ಮಾ’, ‘ಬನ್ನಿ ಅಕ್ಕಾ’, ‘ಆವೋ ಬೇಟಾ’. ಎಷ್ಟು ಮೊಳ ಅಂತ ಕೇಳಿ, ಮೊಣಕೈಯಿಂದ ಬೆರಳ ತುದಿಯವರೆಗೆ ಮಾಲೆಯನ್ನು ಒತ್ತಿ ಅಳೆದು, ಕೊನೆಯಲ್ಲಿ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಾರೆ. ಅಷ್ಟು ಬಿಡದಿದ್ದರೆ ತಮ್ಮ ಕೈಗೇ ಸಮಾಧಾನವಿಲ್ಲ ಅನ್ನುತ್ತಾರೆ.

ಇವತ್ತು ಕನಕಾಂಬರದ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹಬ್ಬದ ಹಿಂದಿನ ದಿನ ಅದು ಕೆಜಿಗೆ ಸಾವಿರ ದಾಟುವುದು ಬೆಂಗಳೂರಿಗೆ ಹೊಸದೇನಲ್ಲ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಹೊಸೂರು ಕಡೆಯ ತೋಟಗಳಿಂದ ಹೂವು ಕೆ.ಆರ್. ಮಾರ್ಕೆಟ್‌ಗೆ ಬಂದು, ಅಲ್ಲಿಂದ ಇಲ್ಲಿಗೆ ಹೊರಳುವಷ್ಟರಲ್ಲಿ ಒಂದಕ್ಕೆರಡಾಗಿರುತ್ತದೆ. ಅಜ್ಜಿಯ ಮುಂದೆ ಮೂರು ಬುಟ್ಟಿಗಳಿವೆ. ಒಂದರಲ್ಲಿ ಗೌರಿಗೆ ಮುಡಿಸುವ ದಂಡೆಗಳು. ಒಂದರಲ್ಲಿ ಮಾತೆಗೆ ಹರಕೆ ಹೊತ್ತವರ ದಪ್ಪ ಗುಲಾಬಿ ಹಾರಗಳು. ಮೂರನೆಯದು ದರ್ಗಾಕ್ಕೆ ಹೋಗುವ ಹೂವಿನ ಚಾದರ. ದಾರದಲ್ಲಿ ಬಲೆಯ ಹಾಗೆ ಹೆಣೆದದ್ದು, ಮಡಿಚಿ ಬಾಳೆಎಲೆಯೊಳಗೆ ಇಟ್ಟಿದ್ದಾರೆ. ಮೂರಕ್ಕೂ ಸೇವಂತಿಗೆ ಒಂದೇ ಮೂಟೆಯದು, ನಾರು ಒಂದೇ ಬಾಳೆಯದು.

ಅಜ್ಜಿಯ ಹಿರಿಯರು ವೆಲ್ಲೂರಿನ ಕಡೆಯವರು. ಈ ಬೀದಿಗಳಲ್ಲಿ ಹತ್ತು ಮನೆಯ ಬಾಗಿಲು ತಟ್ಟಿದರೆ ಇಂಥ ಕಥೆ ಬೇಕಾದಷ್ಟು ಸಿಗುತ್ತದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತು ತಮ್ಮ ಪಡೆಯನ್ನು ಬೆಂಗಳೂರಿಗೆ ತಂದು ದಂಡು ಕಟ್ಟಿದರು. ಪಡೆಯ ಹಿಂದೆ ಅಕ್ಕಿ ಒದಗಿಸುವವರು, ಬಟ್ಟೆ ಒಗೆಯುವವರು, ಕುದುರೆಗೆ ಲಾಳ ಹೊಡೆಯುವವರು, ಬೇಯಿಸಿ ಹಾಕುವವರು, ಸಾಲ ಕೊಡುವವರು ಬಂದರು. ಆರ್ಕಾಟಿನ ಕಡೆಯ ಮೊದಲಿಯಾರರು, ಪಿಳ್ಳೈಗಳು, ದಖ್ಖನಿ ಮಾತಾಡುವ ಮುಸ್ಲಿಮರು, ಗುಜರಾತಿನ ಮೇಮನರು, ಕ್ರೈಸ್ತರು. ಆಚೆ ಕೋಟೆಯ ಪಕ್ಕದಲ್ಲಿ ಕೆಂಪೇಗೌಡರ ಪೇಟೆ, ಈಚೆ ದಂಡು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದವು. ಬೀದಿಯ ಹಲಗೆಗಳಲ್ಲಿ ಆ ಚರಿತ್ರೆ ಇನ್ನೂ ಹಾಗೇ ಕೂತಿದೆ: ಇಬ್ರಾಹಿಂ ಸಾಹಿಬ್ ಸ್ಟ್ರೀಟ್, ವೀರಪಿಳ್ಳೈ ಸ್ಟ್ರೀಟ್, ಮೀನಾಕ್ಷಿ ಕೋಯಿಲ್ ಸ್ಟ್ರೀಟ್, ಚಾಂದನಿ ಚೌಕ್ ರೋಡ್, ಇನ್‌ಫೆಂಟ್ರಿ ರೋಡ್. ಐದು ನಿಮಿಷ ನಡೆದರೆ ಇಷ್ಟನ್ನೂ ದಾಟಿರುತ್ತೀರಿ.

ತರಕಾರಿ ಸಾಲಿನಲ್ಲಿ ಬೆಳಕು ಕಡಿಮೆ, ಬಲ್ಬುಗಳ ಕೆಳಗೆ ಟೊಮ್ಯಾಟೊ ರಾಶಿ ಹೊಳೆಯುತ್ತಿದೆ. ಗಂಡಸರು ಗುಂಪು ಗುಂಪಾಗಿ ಬಾಳೆಎಲೆ, ಮಾವಿನ ಸೊಪ್ಪು, ಗರಿಕೆ ಕೊಳ್ಳುತ್ತಿದ್ದಾರೆ. ಅವರ ನಡುವೆ ಅರವತ್ತು ದಾಟಿದ ಹೆಂಗಸೊಬ್ಬರು, ಕುತ್ತಿಗೆಯಲ್ಲಿ ಸಣ್ಣ ಶಿಲುಬೆ, ಕೈಯಲ್ಲಿ ಬಟ್ಟೆಚೀಲ. ಅಂಗಡಿಯ ಗಡ್ಡದ ಯುವಕ ಅವರನ್ನು ಕಂಡವನೇ ಕೇಳುತ್ತಾನೆ:

‘ಈ ಸಲ ಏಳಾ, ಒಂಬತ್ತಾ ಆಂಟಿ?’

‘ಒಂಬತ್ತು ಯಾರು ತಿಂತಾರೆ? ಮಕ್ಕಳೆಲ್ಲ ದುಬೈಯಲ್ಲಿ. ಏಳು ಸಾಕು.’

ಅವನು ಇನ್ನೊಂದು ಮಾತು ಕೇಳದೆ ಆಯತೊಡಗುತ್ತಾನೆ. ಬೆಂಡೆ, ಹೀರೆ, ಹಾಗಲ, ಅಲಸಂದೆ, ಕುಂಬಳ, ತೊಂಡೆ. ಆಮೇಲೆ ಬಗ್ಗಿ, ಮೇಜಿನ ಕೆಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕೆಸುವಿನ ದಂಟನ್ನು ತೆಗೆದು ಮೇಲಿಡುತ್ತಾನೆ. ಅದು ಅವರಿಗಾಗಿ, ಅವರಂಥ ಇನ್ನೂ ಹಲವರಿಗಾಗಿ ತರಿಸಿದ್ದು. ಮಂಗಳೂರಿನ ಕ್ಯಾಥೊಲಿಕರಿಗೆ ಸೆಪ್ಟೆಂಬರ್ 8 ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಮಕ್ಕಳು ಮಾತೆಗೆ ಹೂವು ಹಾಕುತ್ತಾರೆ, ಚರ್ಚಿನಲ್ಲಿ ಆಶೀರ್ವಾದವಾದ ಭತ್ತದ ತೆನೆ ಮನೆಗೆ ಬರುತ್ತದೆ, ಅದರ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಕುಡಿಯುತ್ತಾರೆ. ಅವತ್ತಿನ ಊಟ ಪೂರ್ತಿ ತರಕಾರಿಯದು, ಪಲ್ಯ ಸಾರುಗಳ ಲೆಕ್ಕ ಬೆಸವಾಗಿರಬೇಕು. ಅದೇ ದಿನ ಇಲ್ಲಿನ ತಮಿಳು ಕ್ರೈಸ್ತರ ಮನೆಗಳಲ್ಲಿ ಮಟನ್ ಬಿರಿಯಾನಿ. ಒಂದೇ ಮಾತೆ, ಒಂದೇ ಧರ್ಮ, ಒಂದೇ ದಿನ, ಒಂದು ಮನೆಗೆ ಕೆಸುವಿನ ದಂಟು ಬೇಕು, ಇನ್ನೊಂದಕ್ಕೆ ಕುರಿಯ ತೊಡೆ ಬೇಕು. ತರಕಾರಿಯ ಹುಡುಗನಿಗೆ ಅದು ಗೊತ್ತು. ನಮಗೆಷ್ಟು ಜನಕ್ಕೆ ಗೊತ್ತಿದೆ?

ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಸೌಹಾರ್ದದ ಬಗ್ಗೆ ಸಭೆಗಳಲ್ಲಿ ಒಳ್ಳೆಯ ಮಾತುಗಳನ್ನು ಕೇಳಿದ್ದೇನೆ, ಅವು ಬೇಕು. ಆದರೆ ಪಕ್ಕದವರ ಹಬ್ಬದ ದಿನ ಅವರ ಒಲೆಯ ಮೇಲೆ ಏನಿರುತ್ತದೆ, ಏನು ಇರಕೂಡದು, ಯಾವ ಬಣ್ಣ ಶುಭ, ಎಷ್ಟು ಸಂಖ್ಯೆ ಬೇಕು ಎಂದು ತಿಳಿದುಕೊಂಡು, ಅದನ್ನು ಒಂದು ವಾರ ಮೊದಲೇ ತರಿಸಿ ಒದ್ದೆ ಬಟ್ಟೆ ಸುತ್ತಿಡುವ ತಿಳಿವಳಿಕೆ ಇದೆಯಲ್ಲ, ಅದು ನನಗೆ ಹೆಚ್ಚು ಗಟ್ಟಿಯಾದದ್ದು ಅನ್ನಿಸುತ್ತದೆ. ‘ಅದು ಬರೀ ವ್ಯಾಪಾರ’ ಅನ್ನುವವರಿದ್ದಾರೆ. ವ್ಯಾಪಾರ ಹೌದು, ‘ಬರೀ’ ಅಲ್ಲ. ಇನ್ನೊಬ್ಬರ ಪಂಚಾಂಗವನ್ನು ಬಾಯಿಪಾಠ ಮಾಡಿಕೊಂಡೇ ತನ್ನ ಮನೆಯ ಒಲೆ ಉರಿಸಬೇಕಾದವನು ಆ ಇನ್ನೊಬ್ಬರನ್ನು ಹೊರಗಿನವರೆಂದು ನೋಡುವುದು ಕಷ್ಟ. ಇಲ್ಲಿ ಸುತ್ತಾಡುವಾಗಲೆಲ್ಲ ನನಗೆ ಇದೇ ಕಾಣುತ್ತದೆ.

ಮಾಂಸದ ಕಡೆ ಹೋಗಬೇಕೆಂದರೆ ಹಿಂಬದಿಗೆ ನಡೆಯಬೇಕು. ತಲೆಯ ಮೇಲೆ ಹದ್ದುಗಳು ಸುತ್ತುತ್ತಿವೆ, ತಗಡಿನ ಅಂಚಿನಲ್ಲಿ ಎರಡು ಕೂತೇ ಇವೆ. ಹುಣಿಸೆಮರದ ದಿಮ್ಮಿಯ ಹಿಂದೆ ನಿಂತ ಕಟುಕರು ಐವತ್ತರ ಆಸುಪಾಸಿನವರು, ಎಲ್ಲರೂ ಅವರನ್ನು ‘ಭಾಯ್’ ಅನ್ನುತ್ತಾರೆ. ಕತ್ತಿ ನಿಲ್ಲಿಸದೆಯೇ ಅವರು ಹೇಳುವ ಲೆಕ್ಕ ಕೇಳಿ, ಈ ಮಾರುಕಟ್ಟೆಯ ಪೂರ್ತಿ ವ್ಯಾಕರಣ ಅದರಲ್ಲಿದೆ.

‘ಶ್ರಾವಣ ಮೊನ್ನೆ ಮುಗೀತು. ಒಂದು ತಿಂಗಳು ನಮ್ಮ ಹಿಂದೂ ಗಿರಾಕಿಗಳು ಇಲ್ಲ. ಈಗ ಬರ್ತಾರೆ ಅನ್ನೋ ಹೊತ್ತಿಗೆ ಗೌರಿ ಗಣೇಶ. ನಾಳೆ ಜುಮ್ಮಾ, ನಮ್ಮೋರ ಮನೆ ಬಿರಿಯಾನಿ, ಅದಕ್ಕೆ ಇವತ್ತು ಸಂಜೆ ರಷ್ಷು. ಶನಿವಾರ ಚತುರ್ಥಿ, ಬಿಬಿಎಂಪಿ ಆರ್ಡರು, ಅಂಗಡಿ ಬಂದ್. ಭಾನುವಾರ ಚರ್ಚ್ ಹಬ್ಬ, ಬೆಳಗಿನ ಜಾವ ನಾಲ್ಕಕ್ಕೇ ತೆಗೀಬೇಕು. ಗಣೇಶನ್ನ ಶನಿವಾರವೇ ಬಿಟ್ಟೋರೂ ಅವತ್ತೇ ಬರ್ತಾರೆ.’

ಒಂದು ತೊಡೆಯನ್ನು ತಿರುಗಿಸಿಟ್ಟು, ಕೀಲು ಹುಡುಕಿ, ಒಂದೇ ಏಟಿಗೆ ಬಿಡಿಸುತ್ತಾರೆ. ಆಮೇಲೆ ಅವರ ನಿಜವಾದ ಚಿಂತೆ ಹೊರಗೆ ಬರುತ್ತದೆ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಮಾಂಸದಡುಗೆ ಆಗಲೇಬೇಕು. ಭಾಯ್‌ಗೆ ಅದು ವರ್ಷದ ದೊಡ್ಡ ದಿನಗಳಲ್ಲಿ ಒಂದು. ಈ ಸಲ ಆ ಅಮಾವಾಸ್ಯೆ ಬಿದ್ದಿರುವುದು ಅಕ್ಟೋಬರ್ 2ಕ್ಕೆ, ಗಾಂಧಿ ಜಯಂತಿಯಂದು. ಅವತ್ತು ಮಾಂಸ ಮಾರುವ ಹಾಗಿಲ್ಲ. ‘ಅವರ ಹಿರಿಯರು ಹಸ್ಕೊಂಡು ಹೋಗಬಾರದಲ್ಲ ಸಾರ್, ಹಿಂದಿನ ದಿನವೇ ತಗೊಂಡು ಹೋಗಿ ಅಂತ ಈಗಿಂದಾನೇ ಹೇಳ್ತಾ ಇದೀನಿ’ ಅನ್ನುತ್ತಾರೆ. ಅದರಲ್ಲಿ ತಮಾಷೆಯ ಸೋಂಕೂ ಇಲ್ಲ. ಯಾರದೋ ಪಿತೃಗಳ ಊಟದ ಜವಾಬ್ದಾರಿ ತಮ್ಮ ಮೇಲಿದೆ ಎಂದು ನಂಬಿದ ಮನುಷ್ಯರ ಮಾತು ಅದು.

ಮೀನಿನ ಸಾಲನ್ನು ಬೇಗ ದಾಟೋಣ, ಇವತ್ತು ಅಲ್ಲಿ ಜನ ಕಡಿಮೆ. ಬಂಗುಡೆ ಐಸಿನ ಮೇಲೆ ಸುಮ್ಮನೆ ಮಲಗಿದೆ. ಹೊರಗೆ ಹೋಗುವ ದಾರಿಯಲ್ಲಿ ಮಾಡಿನ ಕಡೆ ಒಮ್ಮೆ ಕಣ್ಣುಹಾಯಿಸಿ. 2012ರ ಫೆಬ್ರವರಿಯ ಒಂದು ಬೆಳಗಿನ ಜಾವ ಇಲ್ಲಿ ಬೆಂಕಿ ಬಿದ್ದು ಸಾಲು ಸಾಲು ಅಂಗಡಿಗಳು ಸುಟ್ಟುಹೋದವು. ಅವತ್ತು ಬೆಂಕಿಯ ಮುಂದೆ ನಿಂತು ಅತ್ತವರು ಇವತ್ತೂ ಅದೇ ಜಾಗದಲ್ಲಿ ಕೂತಿದ್ದಾರೆ. ಆ ದಿನದ ಬಗ್ಗೆ ಕೇಳಿದರೆ ಎರಡು ವಾಕ್ಯ ಹೇಳಿ ಮೂರನೆಯದಕ್ಕೆ ‘ಎಷ್ಟು ಕೊಡ್ಲಿ, ಒಂದು ಕೆಜಿನಾ?’ ಅನ್ನುತ್ತಾರೆ.

ಹತ್ತು ಗಂಟೆ. ಚಾಂದನಿ ಚೌಕ್ ರಸ್ತೆಗೆ ಬಂದರೆ ಬಿಸಿಲು ಒಮ್ಮೆಲೇ ಮುಖಕ್ಕೆ ಹೊಡೆಯುತ್ತದೆ. ಎಡಗಡೆ ಸಣ್ಣ ಹೋಟೆಲಿನಲ್ಲಿ ಪಾಯಾ ಮುಗಿದು ತಳ ಕೆರೆಯುತ್ತಿದ್ದಾರೆ. ಗಾಜಿನ ಲೋಟದಲ್ಲಿ ಸುಲೈಮಾನಿ ಚಹಾ ಸಿಗುತ್ತದೆ, ಹಾಲಿಲ್ಲದ್ದು, ನಿಂಬೆ ಹಿಂಡಿದ್ದು. ನಿಂತೇ ಕುಡಿಯಿರಿ, ಕೂರಲು ಜಾಗವಿಲ್ಲ. ಪಕ್ಕದ ಸಂದಿಯಲ್ಲಿ ಗುಜರಿ ಅಂಗಡಿಗಳು, ಬಿಚ್ಚಿ ಹರಡಿದ ಎಂಜಿನ್‌ಗಳು, ಡೋರುಗಳು, ಹೆಡ್‌ಲೈಟುಗಳು. ಎಣ್ಣೆ ಮೆತ್ತಿದ ಕೈಗಳು ಅವುಗಳ ನಡುವೆ ಒಂದು ಸಣ್ಣ ಬೋಲ್ಟ್ ಹುಡುಕುತ್ತಿವೆ. ಆಟೊ ಹಾರ್ನ್, ‘ನೂರಕ್ಕೆ ಮೂರು ನೂರಕ್ಕೆ ಮೂರು’ ಎಂದು ರೆಕಾರ್ಡ್ ಮಾಡಿಟ್ಟ ದನಿ, ಚರ್ಚಿನ ಮೈಕಿನಿಂದ ತಮಿಳು ಪ್ರಾರ್ಥನೆ. ಇಷ್ಟರ ನಡುವೆ ಫೋನಿನಲ್ಲಿ ಹೆಂಡತಿಯ ಜೊತೆ ಮೆಲ್ಲಗೆ ಮಾತಾಡುವವನೂ ಇದ್ದಾನೆ, ಅವಳಿಗೆ ಕೇಳುತ್ತದೆಯೋ ಏನೋ.

ಬಳೆ ಅಂಗಡಿ ಮೂರು ಮೊಳ ಅಗಲ, ಆಳ ಮಾತ್ರ ಕಾಣುವುದಿಲ್ಲ. ಗೋಡೆಯುದ್ದಕ್ಕೂ ಕೋಲುಗಳಿಗೆ ಪೋಣಿಸಿದ ಗಾಜಿನ ಬಳೆಗಳು, ಫಿರೋಜಾಬಾದಿನಿಂದ ಬಂದವು. ಗೌರಿಯ ಹಿಂದಿನ ದಿನವಾದ್ದರಿಂದ ಹಸಿರೂ ಕೆಂಪೂ ಮುಂದೆ ಬಂದಿವೆ, ಉಳಿದ ಬಣ್ಣಗಳೆಲ್ಲ ಹಿಂದಕ್ಕೆ ಸರಿದಿವೆ. ಬಳೆಗಾರರು ಬಿಳಿ ಟೋಪಿಯ ಹಿರಿಯರು, ಕಣ್ಣಿಗೆ ದಪ್ಪ ಕನ್ನಡಕ. ಅವರ ಮುಂದಿನ ಸಣ್ಣ ಸ್ಟೂಲಿನ ಮೇಲೆ ಹೊಸದಾಗಿ ಮದುವೆಯಾದ ಹುಡುಗಿ ಕೂತಿದ್ದಾಳೆ, ಅವಳ ಬೆನ್ನ ಹಿಂದೆ ಅತ್ತೆ ನಿಂತಿದ್ದಾರೆ.

ಅವರು ಅಳತೆಪಟ್ಟಿ ಮುಟ್ಟುವುದಿಲ್ಲ. ಹುಡುಗಿಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟು, ‘ಎರಡು ನಾಲ್ಕು’ ಅನ್ನುತ್ತಾರೆ. ಎರಡು ಇಂಚಿನ ಮೇಲೆ ಇಂಚಿನ ಹದಿನಾರರಲ್ಲಿ ನಾಲ್ಕು ಭಾಗ. ಅತ್ತೆಗೆ ಅನುಮಾನ: ‘ಎರಡು ಆರು ಆಗಲ್ವಾ ಸಾಬ್ರೇ, ಗಂಟು ದಪ್ಪ ಇದೆ.’ ‘ಗಂಟು ದಾಟೋವರೆಗೆ ಒಂದು ನಿಮಿಷ ನೋವು ಅಮ್ಮಾ. ದೊಡ್ಡದು ಹಾಕಿದ್ರೆ ವರ್ಷಪೂರ್ತಿ ಜಾರ್ತದೆ.’ ಹುಡುಗಿಯ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸುತ್ತಾರೆ. ನಾಲ್ಕು ಗೆಣ್ಣುಗಳನ್ನೂ ಒಟ್ಟಿಗೆ ಒತ್ತುತ್ತಾರೆ. ‘ಕೈ ಸಡಿಲ ಬಿಡಮ್ಮ, ಬಿಗಿ ಹಿಡಿದ್ರೆ ನಿಂಗೂ ಕಷ್ಟ, ಬಳೆಗೂ ಕಷ್ಟ.’ ಒಂದು ಕ್ಷಣ ಅವಳ ಹುಬ್ಬು ಗಂಟಿಕ್ಕುತ್ತದೆ. ಮೂರು ಬಳೆ ಒಟ್ಟಿಗೆ ಗೆಣ್ಣು ದಾಟಿ ಮಣಿಕಟ್ಟಿಗೆ ಜಾರಿ ಝಲ್ ಅನ್ನುತ್ತವೆ. ಮತ್ತೆ ಮೂರು. ಮತ್ತೆ ಮೂರು. ಒಂದೂ ಬಿರುಕು ಬಿಡಲಿಲ್ಲ. ಎರಡೂ ಕೈ ತುಂಬುವಷ್ಟರಲ್ಲಿ ಅವಳ ಮುಖದಲ್ಲಿ ನಗು ಬಂದಿದೆ, ಕೈಯನ್ನು ಅಲ್ಲಾಡಿಸಿ ಸದ್ದು ಕೇಳಿಸಿಕೊಳ್ಳುತ್ತಿದ್ದಾಳೆ.

ಇನ್ನು ಬಾಗಿನದ ಬಳೆಗಳು. ‘ಎಷ್ಟು ಜೊತೆ ಮೊರ?’ ಅವರೇ ಕೇಳುತ್ತಾರೆ. ಐದು ಜೊತೆ. ಒಂದೊಂದಕ್ಕೂ ಹಸಿರು ಬಳೆಯ ಕಟ್ಟು, ಬಳೆಬಿಚ್ಚೋಲೆ, ಪುಟ್ಟ ಕನ್ನಡಿ, ಬಾಚಣಿಗೆ, ಅರಿಶಿನ ಕುಂಕುಮದ ಡಬ್ಬಿ. ಅತ್ತೆ ಪಟ್ಟಿ ಹೇಳುವ ಮೊದಲೇ ಅವರ ಕೈ ಒಂದೊಂದನ್ನೂ ತೆಗೆದು ಸಾಲಾಗಿ ಇಡುತ್ತಾ ಹೋಗುತ್ತದೆ. ಕಪ್ಪು ಬಳೆಯ ಎರಡು ಸಣ್ಣ ಜೊತೆಯನ್ನೂ ಸೇರಿಸಿ, ‘ಇದು ಬಾಗಿನಕ್ಕೆ ಬೇಕಾಗ್ತದೆ, ಮರೀತೀರಿ’ ಅನ್ನುತ್ತಾರೆ. ಅತ್ತೆ ನಾಲಿಗೆ ಕಚ್ಚಿಕೊಳ್ಳುತ್ತಾರೆ, ಮರೆತೇ ಹೋಗಿತ್ತು. ದುಡ್ಡು ಕೊಡುವಾಗ ಅದರ ಮೇಲೆ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಎರಡೂ ಕೈಯಲ್ಲಿ ಕೊಡುತ್ತಾರೆ. ಬಳೆಗಾರರು ಅದನ್ನು ಕಣ್ಣಿಗೊತ್ತಿಕೊಂಡು, ‘ನೂರು ವರ್ಷ ಇರಲಿ ಈ ಬಳೆ’ ಅಂತ ಹುಡುಗಿಗೆ ಹರಸುತ್ತಾರೆ. ಅವರ ತಂದೆಯೂ ಇದೇ ಸ್ಟೂಲಿನ ಮುಂದೆ ಕೂರುತ್ತಿದ್ದರಂತೆ, ಅತ್ತೆಗೆ ಮದುವೆಯಲ್ಲಿ ಬಳೆ ತೊಡಿಸಿದ್ದು ಅವರೇ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಅತ್ತರಿನ ಅಂಗಡಿ. ಬೆಣೆಯಂಥ ಮುಚ್ಚಳದ ಪುಟ್ಟ ಸೀಸೆಗಳು. ಕೈ ಚಾಚಿ ಅಂದರು, ಮಣಿಕಟ್ಟಿನ ಮೇಲೆ ಗಾಜಿನ ಕಡ್ಡಿ ಒಮ್ಮೆ ತಣ್ಣಗೆ ತಾಗಿತು. ಇದು ಖಸ್, ಲಾಮಂಚದ್ದು. ಇದು ಮಿಟ್ಟಿ, ಮೊದಲ ಮಳೆಯ ಮಣ್ಣಿನ ವಾಸನೆ, ಕನೌಜಿನವರು ಸುಟ್ಟ ಮಣ್ಣಿನಿಂದ ಇಳಿಸುವುದು. ಮಿಲಾದ್‌ಗೆ ಇದೆಲ್ಲ ಸೀಸೆ ಸೀಸೆ ಖಾಲಿಯಾಗುತ್ತದೆ. ಇವತ್ತು ಕೊಳ್ಳುತ್ತಿರುವವರಲ್ಲಿ ಕುಂಕುಮದ ಹಣೆಗಳೂ ಇವೆ. ಪೂಜೆಗೆ ಗಂಧದ ಅತ್ತರು ಬೇಕಂತೆ.

ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕವಿದು ಹನಿ ಶುರುವಾಯಿತು. ಕ್ಷಣಾರ್ಧದಲ್ಲಿ ಇಡೀ ಬೀದಿ ನೀಲಿ ಟಾರ್ಪಾಲಿನ ಕೆಳಗೆ ಸೇರಿಕೊಂಡಿತು. ಮೆಟ್ರೋದ ಸುರಂಗ ನಿಲ್ದಾಣಕ್ಕಾಗಿ ಹಾಕಿದ ತಗಡಿನ ಬೇಲಿ ರಸ್ತೆಯನ್ನು ಕಿರಿದು ಮಾಡಿ ಎಷ್ಟೋ ವರ್ಷವಾಯಿತು. ಅದರ ಬುಡದಲ್ಲೇ ಸಾಲಾಗಿ ಎರೆಮಣ್ಣಿನ ಗಣಪತಿಗಳು ಕೂತಿವೆ. ಮೂರ್ತಿ ಮಾರುವವಳು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು, ಇರುವ ಒಂದು ಪ್ಲಾಸ್ಟಿಕ್ ಹಾಳೆಯನ್ನು ಗಣಪತಿಗಳಿಗೆ ಹೊದಿಸಿದಳು. ಎದುರಿನ ಚಪ್ಪಲಿ ಅಂಗಡಿಯವನು ಮಾತಿಲ್ಲದೆ ಬಂದು ತನ್ನ ದೊಡ್ಡ ಛತ್ರಿಯನ್ನು ಬಿಚ್ಚಿ ಅವಳ ಪಕ್ಕ ನೆಟ್ಟು ಹೋದ. ನಿಲ್ದಾಣ ತೆರೆದ ಮೇಲೆ ಜನ ಇನ್ನೂ ಹೆಚ್ಚು ಬರುತ್ತಾರೆ ಎಂಬುದು ಕೆಲವರ ಆಸೆ. ರಸ್ತೆ ಸುಂದರ ಮಾಡುತ್ತೇವೆಂದು ನಮ್ಮನ್ನು ಎಬ್ಬಿಸುತ್ತಾರೆ ಎಂಬುದು ನೆಲದ ಮೇಲೆ ಕೂತು ಮಾರುವವರ ಭಯ. ನನಗೆ ಎರಡನೆಯವರ ಮಾತೇ ಮನಸ್ಸಿಗೆ ನಾಟುತ್ತದೆ. ಇವರು ಕೂತ ಜಾಗವೇ ಈ ಮಾರುಕಟ್ಟೆ. ಕಟ್ಟಡವನ್ನು ಉಳಿಸಿ ಇವರನ್ನು ಎಬ್ಬಿಸಿದರೆ ಉಳಿಯುವುದು ಇಟ್ಟಿಗೆ ಗಾರೆ.

ಸಂಜೆ ಆರಕ್ಕೆ ಜನವೆಲ್ಲ ಒಂದೇ ದಿಕ್ಕಿಗೆ ಹರಿಯತೊಡಗುತ್ತಾರೆ. ಬೆಸಿಲಿಕಾದ ಚೂಪು ಗೋಪುರಕ್ಕೆ ದೀಪದ ಸರ ಬಿಟ್ಟಿದ್ದಾರೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಫ್ರೆಂಚ್ ಪಾದ್ರಿ ಅ್ಯಬೆ ದುಬ್ವಾ ಇಲ್ಲೊಂದು ಹುಲ್ಲು ಮಾಡಿನ ಪ್ರಾರ್ಥನಾ ಮಂದಿರ ಕಟ್ಟಿಸಿದ್ದರು. ಈಗಿನ ಗಾಥಿಕ್ ಕಮಾನುಗಳ ಚರ್ಚು 1882ರದ್ದು, 1974ರಲ್ಲಿ ಬೆಸಿಲಿಕಾ ಎಂಬ ಗೌರವ ಸಿಕ್ಕಿತು. ಅಂಗಳದ ತುಂಬ ಕೇಸರಿ ಸೀರೆಗಳು, ಹರಕೆ ಹೊತ್ತ ಹೆಂಗಸರದು. ಮಾತೆಯ ಮೂರ್ತಿಗೂ ಸೀರೆ ಉಡಿಸಿದ್ದಾರೆ, ಅಂಚು ಜರಿಯದ್ದು. ಬೆಳಗಿನಿಂದ ಕನ್ನಡ, ತಮಿಳು, ಇಂಗ್ಲಿಷಿನಲ್ಲಿ ಒಂದರ ಹಿಂದೆ ಒಂದು ಪೂಜೆಗಳು. ಮೇಣದಬತ್ತಿ ಹಚ್ಚುವ ಕಟ್ಟೆಯ ಬಳಿ ಬಿಸಿ ಮುಖಕ್ಕೆ ಬಡಿಯುತ್ತದೆ. ಅಲ್ಲಿ ಬುರ್ಖಾ ತೊಟ್ಟ ತಾಯಿಯೊಬ್ಬಳು ಮಗುವಿನ ಕೈಹಿಡಿದು ಬತ್ತಿ ಹಚ್ಚಿಸುತ್ತಿದ್ದಾಳೆ. ಪಕ್ಕದಲ್ಲಿ ಮಲ್ಲಿಗೆ ಮುಡಿದ ಹೆಂಗಸು ಕಾಯಿ ಹಿಡಿದು ನಿಂತಿದ್ದಾಳೆ. ಅವರನ್ನು ಯಾರೂ ತಿರುಗಿ ನೋಡುತ್ತಿಲ್ಲ. ಭಾನುವಾರ ಸಂಜೆ ತೇರು ಹೊರಟಾಗ ಇಷ್ಟೂ ಬೀದಿಗಳಲ್ಲಿ ನಿಂತು ಕೈಮುಗಿಯುವವರೂ ಇವರೇ.

ಗೇಟಿನ ಹೊರಗೆ ಮೇಣದಬತ್ತಿಯ ತಳ್ಳುಗಾಡಿ. ಬಿಳಿ, ಹಳದಿ, ನೀಲಿ ಬತ್ತಿಗಳ ಕಟ್ಟುಗಳು, ಜಪಸರಗಳು, ಮಾತೆಯ ಸಣ್ಣ ಪಟಗಳು. ಮಾರುವಾಕೆಯ ಹಣೆಯಲ್ಲಿ ಕಾಸಗಲ ಕುಂಕುಮ. ನಾಳೆ ಗೌರಿ ಅಲ್ವಾ ಅಂದರೆ, ‘ಸೊಸೆ ಕೂರಿಸ್ತಾಳೆ, ನಾನು ಮಧ್ಯಾಹ್ನ ಊಟಕ್ಕೆ ಹೋಗಿ ಬರ್ತೀನಿ’ ಅನ್ನುತ್ತಾಳೆ. ಒಂದು ಕೈ ಚಿಲ್ಲರೆ ಎಣಿಸುತ್ತಿದೆ, ಇನ್ನೊಂದು ಕೈ ಗಿರಾಕಿಗೆ ಕ್ಯೂಆರ್ ಕೋಡಿನ ಹಲಗೆ ತೋರಿಸುತ್ತಿದೆ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದಾಳೆ. ಆ ಕಡೆಯವನು ಸಗಟು ವ್ಯಾಪಾರಿ ಇರಬೇಕು. ‘ಉಳಿದ ಬತ್ತಿ ಕ್ರಿಸ್‌ಮಸ್‌ಗೆ ಕಟ್ಟಿಡ್ತೀನಿ, ಅದರ ಚಿಂತೆ ಬಿಡಣ್ಣ. ಹಸಿರು ಬಾವುಟದ್ದು ಹೇಳು. ಸಣ್ಣದು, ದೊಡ್ಡದು ಎರಡೂ ಸೋಮವಾರ ಬೆಳಿಗ್ಗೆಗೇ ಬೇಕು. ಹೋದ ವರ್ಷದ್ದು ಕೋಲು ಸಪೂರ, ಮಕ್ಕಳ ಕೈಯಲ್ಲಿ ಮುರಿದು ಹೋಯ್ತು. ಈ ಸಲ ಗಟ್ಟಿ ಬಿದಿರಿನದು ಹಾಕಿ ಕಳ್ಸು.’